ಹಳಿ ಕಿತ್ತ ದಾರಿಯಲ್ಲಿ ಅಣ್ಣ ತಮ್ಮ

ಫೆಬ್ರವರಿ ೧೯
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಗುಬ್ಬಿಗೆ, ನಿನ್ನ ಅಕ್ಕ ಬರೆಯುವುದು.

ನೀನು, ಮಗಳು, ಕೂಸು ಮೂವರೂ ಚೆನ್ನಾಗಿದ್ದೀರಿ ಎಂದು ಓದಿ ಸಮಾಧಾನವಾಯಿತು. ಕೂಸು ರಾತ್ರಿಯೆಲ್ಲ ಅಳುತ್ತದೆ, ಹಗಲೆಲ್ಲ ನಿದ್ದೆ ಹೊಡೆಯುತ್ತದೆ ಎಂದು ದೂರಿದ್ದೀಯ. ಅದು ಅಜ್ಜಿಯನ್ನು ಹೋಲುತ್ತದೆ, ಬಿಡು. ನೀನೂ ಹಾಗೆಯೇ ಇದ್ದೆ, ತೊಟ್ಟಿಲು ತೂಗಿದವಳು ನಾನು. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಕಾಲಿಗೆ ಬೊಬ್ಬೆ ಎದ್ದಿತ್ತು. ಕಾಲಿಗೆ ಬೊಬ್ಬೆ ಎದ್ದರೆ ಕೈಗೇನು ಧಾಡಿ ಅಂತ ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಎಲ್ಲ ಹೇಳುತ್ತೇನೆ, ತಾಳು.

ಫೋನ್ ಮಾಡಬಹುದಿತ್ತಲ್ಲ ಅಂತಲೂ ಕೇಳುತ್ತೀಯ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಸಂಸಾರವನ್ನೆಲ್ಲ ಕಿವಿಯ ಮೇಲೆ ಹಾಕಿಕೊಂಡವಳು ನಾನು. ಮನೆಯ ಮಾತನ್ನು ಫೋನಿನಲ್ಲಿ ಆಡುವಷ್ಟು ಪೆದ್ದಿಯಲ್ಲ.

ಸುದ್ದಿ ಏನೆಂದರೆ, ನಾವಿಬ್ಬರೂ ಸೇರಿ ಹೂಡಿದ ಸಂಚು ಗೆದ್ದಿತು. ಹೇಗೆ ಗೆದ್ದಿತು ಎನ್ನುವುದನ್ನು ಮೊದಲಿನಿಂದ ಬರೆಯುತ್ತೇನೆ. ನೀನು ಇದನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳುವವಳೇ. ಅವಳಿಗೆ ಅಪ್ಪ ದೊಡ್ಡಪ್ಪನ ಜಗಳ ಅರ್ಧಂಬರ್ಧ ಗೊತ್ತು. ಆದ್ದರಿಂದ ಸ್ವಲ್ಪ ಹೊತ್ತು ಅವಳ ಕಡೆಗೇ ತಿರುಗಿ ಮಾತಾಡುತ್ತೇನೆ.

ಕೇಳಮ್ಮ ಮಗಳೇ. ನಾನೂ ನಿನ್ನ ಅಮ್ಮನೂ ಅಕ್ಕ ತಂಗಿ, ಕಟ್ಟಿಕೊಂಡದ್ದು ಅಣ್ಣ ತಮ್ಮಂದಿರನ್ನು. ಎಷ್ಟು ಅನುಕೂಲ ಅಂತ ಆಗ ಎಲ್ಲರೂ ಹೊಗಳಿದರು. ಒಂದು ಜಗಳವಾದರೆ ಎರಡು ಮನೆಗೂ ಒಟ್ಟಿಗೇ ಬೆಂಕಿ ಹತ್ತುತ್ತದೆ ಅಂತ ಯಾರೂ ಹೇಳಲಿಲ್ಲ. ನಿನ್ನ ತಾತ ಇಲ್ಲಿನ ರೈಲು ದಾರಿಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಬೆಳಗಾದರೆ ಸುತ್ತಿಗೆ ಹೆಗಲಿಗೇರಿಸಿ ಹಳಿಯ ಗುಂಟ ನಡೆಯುವುದು, ಅಲ್ಲಲ್ಲಿ ತಟ್ಟಿ ಸದ್ದು ಕೇಳುವುದು, ಸಡಿಲವಾದ ಬೋಲ್ಟು ಬಿಗಿ ಮಾಡುವುದು. ಅದೇ ಹಳಿಯ ಮೇಲೆ ನಿನ್ನ ದೊಡ್ಡಪ್ಪ ಎಂಜಿನ್ ಓಡಿಸಿದರು. ನಿನ್ನ ಅಪ್ಪ ವೆಲ್ಡರ್ ಆದ. ಆಮೇಲೆ ಬಸ್ಸುಗಳು ಹೆಚ್ಚಾಗಿ, ರೈಲಿಗೆ ಜನ ಕಡಿಮೆಯಾಗಿ, ದಾರಿಯನ್ನೇ ಮುಚ್ಚಿಬಿಟ್ಟರು. ಹಳಿ ಕೀಳಲು ಬಂದ ಗುತ್ತಿಗೆದಾರನಿಗೆ ಗ್ಯಾಸ್ ಕಟರ್ ಹಿಡಿಯುವ ಕೈ ಬೇಕಿತ್ತು, ನಿನ್ನ ಅಪ್ಪನಿಗೆ ಕೆಲಸ ಬೇಕಿತ್ತು. ತಾತ ತಟ್ಟಿದ ಹಳಿಯನ್ನು, ಅಣ್ಣ ಓಡಾಡಿದ ಹಳಿಯನ್ನು, ಈ ಮಹಾರಾಯ ಬೆಂಕಿಯಿಟ್ಟು ತುಂಡು ತುಂಡು ಮಾಡಿ ಲಾರಿಗೆ ತುಂಬಿಸಿದ. ಅಣ್ಣನಿಗೆ ಒಂದು ಮಾತು ಹೇಳಲಿಲ್ಲ. ಲಾರಿ ನಮ್ಮ ಮನೆ ಮುಂದೆಯೇ ಹಾದುಹೋಗುವಾಗ ಗೊತ್ತಾಯಿತು.

"ಅಪ್ಪನ ಬೆನ್ನುಮೂಳೆ ಕತ್ತರಿಸಿದ ಹಾಗೆ ಕತ್ತರಿಸಿದ್ದೀಯ. ಇನ್ನು ನನ್ನ ಕಣ್ಣಿಗೆ ಬೀಳಬೇಡ," ಅಂದರು ನಿನ್ನ ದೊಡ್ಡಪ್ಪ.

"ನಾನು ಬಿಟ್ಟಿದ್ರೆ ಇನ್ಯಾವನೋ ಕತ್ತರಿಸ್ತಿದ್ದ," ಅಂದ ನಿನ್ನ ಅಪ್ಪ.

ಅಷ್ಟೇ. ಆಮೇಲೆ ಮಾತಿಲ್ಲ. ನಿನ್ನ ಮದುವೆಯ ಫೋಟೋ ತೆಗೆದು ನೋಡು: ಆ ತುದಿಗೊಬ್ಬ, ಈ ತುದಿಗೊಬ್ಬ, ಮಧ್ಯೆ ನಾನೂ ನಿನ್ನ ಅಮ್ಮನೂ ಅಣೆಕಟ್ಟಿನ ಹಾಗೆ ನಿಂತಿದ್ದೇವೆ.

ಈಗ ಮತ್ತೆ ನಿನ್ನ ಕಡೆಗೆ, ಗುಬ್ಬಿ. ಹಳೆಯ ರೈಲು ದಾರಿಯನ್ನೆಲ್ಲ ಸಮ ಮಾಡಿ ಸೈಕಲ್ ಓಡಿಸುವ ರಸ್ತೆ ಮಾಡುತ್ತಾರೆ ಅಂತ ಬಾಣಂತನಕ್ಕೆ ಹೊರಡುವ ಮೊದಲು ನೀನೇ ಹೇಳಿದ್ದೆ, ನೆನಪಿರಬೇಕು. ಅದೇ ನೆಪವಾಯಿತು. ನಿಮ್ಮ ಭಾವನಿಗೆ, "ರೀ, ಯಂತ್ರ ಬರೋ ಮೊದಲು ಒಂದು ಸಲ ಆ ದಾರೀಲಿ ನಡೆದು ನೋಡೋಣ," ಅಂದೆ. ನಿನ್ನ ಗಂಡನಿಗೆ ಬೇರೆಯೇ ಹೇಳಿದೆ. "ಹಳೇ ರೈಲು ದಾರಿ ನೋಡ್ಬೇಕಪ್ಪಾ, ಒಬ್ಬಳೇ ಹೋಗೋಕೆ ಹಾವು ಚೇಳಿನ ಭಯ, ನೀನು ಜೊತೆಗೆ ಬಾ." ಇಬ್ಬರಿಗೂ ಒಂದೇ ಹೊತ್ತು, ಒಂದೇ ಜಾಗ: ಊರಾಚೆಯ ಗೂಡ್ಸ್ ಶೆಡ್ಡು. ಇಬ್ಬರೂ ಎದುರಾದಾಗ ಹೇಳಬೇಕಾದ ಮಾತುಗಳನ್ನು ಪಾತ್ರೆ ತೊಳೆಯುವಾಗಲೆಲ್ಲ ಅಭ್ಯಾಸ ಮಾಡಿಕೊಂಡೆ. ಅವರಮ್ಮನ ಹೆಸರು ತೆಗೆಯುವ ಕಡೆ ಗಂಟಲು ನಡುಗಿಸಬೇಕು ಅಂತಲೂ ತೀರ್ಮಾನಿಸಿದ್ದೆ.

ನಿಮ್ಮ ಭಾವ ಡ್ರೈವರ್ ಕೆಲಸದ ಟೋಪಿ ಹಾಕಿಕೊಂಡು, ಶೂಗೆ ಪಾಲಿಶ್ ಮಾಡಿಕೊಂಡು ಹೊರಟರು. ಸಮಯಕ್ಕೆ ಮೊದಲೇ ತಲುಪಿದೆವು, ಯಾಕೆಂದರೆ ಗಾಡಿ ತಡವಾಗಿ ಬಿಟ್ಟವನು ಅನ್ನಿಸಿಕೊಳ್ಳುವುದು ಅವರಿಗೆ ಆಗದು. ನಿನ್ನ ಗಂಡ ಸೈಕಲ್ ಇಳಿದು ಶೆಡ್ಡಿನ ಮೂಲೆ ತಿರುಗಿದವನೇ ಅಣ್ಣನನ್ನು ಕಂಡು ಸೈಕಲ್ಲಿನ ಬೆಲ್ಲನ್ನು ತಾನೇ ಬಾರಿಸಿಬಿಟ್ಟ, ಗಾಬರಿಗೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮ ಭಾವ ತಲೆಯೆತ್ತಿ ನೋಡಿ ಏನಂದರು ಗೊತ್ತೇ?

"ಬಂದ್ಯಾ? ಟೋಪಿ ಎಲ್ಲೋ? ಬಿಸಿಲು ನೆತ್ತಿ ಸುಡತ್ತೆ."

ಅಷ್ಟೇ ಅಂದು ಮುಂದೆ ನಡೆದೇಬಿಟ್ಟರು. ನಾನು ಅಷ್ಟು ಕಷ್ಟಪಟ್ಟು ಬಾಯಿಪಾಠ ಮಾಡಿದ ಭಾಷಣ ಹೊಟ್ಟೆಯಲ್ಲೇ ಉಳಿಯಿತು. ಎರಡು ದಿನ ಅಜೀರ್ಣ.

ನಿನ್ನ ಗಂಡನ ಸ್ಥಿತಿ ನೋಡಬೇಕಿತ್ತು. ಅಷ್ಟು ವರ್ಷ ಮಾತಾಡದೆ ಇದ್ದವನಿಗೆ ಒಮ್ಮೆಲೇ ಮಾತಾಡು ಅಂದರೆ ನಾಲಿಗೆ ಎಲ್ಲಿಂದ ಹೊರಳಬೇಕು? ನನ್ನ ಬೆನ್ನ ಹಿಂದೆಯೇ ಅಂಟಿಕೊಂಡು ಬಂದ. ನಿಮ್ಮ ಭಾವ ನನ್ನ ಪಕ್ಕದಲ್ಲೇ ಇದ್ದಾರೆ, ಇವನು ಪಿಸುಗುಡುತ್ತಾನೆ: "ಅತ್ತಿಗೆ, ಅಣ್ಣ ನೀರು ಕುಡೀತಾರಾ ಕೇಳಿ."

"ರೀ, ನೀರು ಕುಡೀತೀರಾ?"

"ಕುಡೀತೀನಿ. ಅವನ ಬಾಯಿಗೇನಾಗಿದೆ?"

"ಅತ್ತಿಗೆ, ನನ್ನ ಬಾಯಿಗೆ ಏನೂ ಆಗಿಲ್ಲ ಅಂತ ಹೇಳಿ."

ಕೆಲಸದಿಂದ ನಿವೃತ್ತಳಾದರೂ ನನಗೆ ಎಕ್ಸ್‌ಚೇಂಜು ತಪ್ಪಲಿಲ್ಲ ನೋಡು. ಆ ಕಾಲದಲ್ಲಿ ಕಡೇಪಕ್ಷ ಕೂರಲು ಕುರ್ಚಿ ಇತ್ತು.

ದಾರಿಯೆಂದರೆ ಈಗ ಏನೂ ಉಳಿದಿಲ್ಲ. ಎತ್ತರದ ದಿಬ್ಬ ಒಂದು ಹೊಲಗಳ ಮಧ್ಯೆ ನೇರವಾಗಿ ಹೋಗುತ್ತದೆ. ಅದರ ಮೇಲೆ ಮುಳ್ಳುಪೊದೆ, ಮುಳ್ಳಿನ ಬುಡದಲ್ಲಿ ಜಲ್ಲಿಕಲ್ಲು. ಅಲ್ಲಲ್ಲಿ ಹಳಿಯ ಕೆಳಗಿನ ಮರದ ದಿಮ್ಮಿಗಳು ಅರ್ಧ ಮಣ್ಣಾಗಿ ಬಿದ್ದಿವೆ. ಉಳಿದದ್ದೆಲ್ಲ ಸುತ್ತಲಿನ ಮನೆಗಳಿಗೆ ಸೇರಿದೆ. ಒಂದು ಮನೆಯ ಮೆಟ್ಟಿಲು ದಿಮ್ಮಿಯದು, ಇನ್ನೊಂದರ ಬೇಲಿಗೆ ಸಿಗ್ನಲ್ಲಿನ ತಂತಿ. ಸಿಗ್ನಲ್ ಕಂಬ ಒಂದು ಮಾತ್ರ ನೆಟ್ಟಗೆ ನಿಂತಿತ್ತು, ಅದರ ಕೈಗೆ ಹಗ್ಗ ಕಟ್ಟಿ ಯಾರೋ ಬಟ್ಟೆ ಒಣಹಾಕಿದ್ದರು. ನಿಮ್ಮ ಭಾವ ಅಲ್ಲಿ ನಿಂತುಬಿಟ್ಟರು.

"ನಡೀರಿ," ಅಂದೆ.

"ಸಿಗ್ನಲ್ ಬೀಳಲಿ," ಅಂದರು.

ತಮಾಷೆಗೆ ಅಂತ ನಾನು ನಕ್ಕೆ. ನಿನ್ನ ಗಂಡ ಗಂಭೀರವಾಗಿ ಹೋಗಿ, ಒದ್ದೆ ಪೈಜಾಮ ಒಂದನ್ನು ಹಗ್ಗದಿಂದ ತೆಗೆದು ಆ ಕೈಯ ತುದಿಗೆ ನೇತುಹಾಕಿದ. ಭಾರಕ್ಕೆ ಸಿಗ್ನಲ್ಲಿನ ಕೈ ಕಿರ್ರೆಂದು ಕೆಳಗಿಳಿಯಿತು. ನಿಮ್ಮ ಭಾವ ತಲೆಯಾಡಿಸಿ ಹೊರಟರು. ಹಿಂದಿನಿಂದ ಪೈಜಾಮದ ಯಜಮಾನಿ, "ಯಾರ್ರೀ ಅದು, ನಮ್ಮನೆಯವರ ಪೈಜಾಮಕ್ಕೆ ಕೈ ಹಾಕೋದು?" ಅಂತ ಕೂಗುತ್ತ ಬಂದಳು. ಆ ವಯಸ್ಸಿನಲ್ಲಿ ನಾವು ಮೂವರೂ ಓಡಿದ್ದನ್ನು ನೀನು ನೋಡಿದ್ದರೆ ಕೂಸಿನ ಜೊತೆ ನೀನೂ ಕೇಕೆ ಹಾಕುತ್ತಿದ್ದೆ. ನನ್ನ ಬೊಬ್ಬೆ ಶುರುವಾದದ್ದು ಅಲ್ಲೇ.

ಮೊದಲ ಸ್ಟೇಷನ್ನಿನ ಕಟ್ಟಡ ಇನ್ನೂ ಗಟ್ಟಿಯಾಗಿದೆ. ಅಲ್ಲಿ ಒಬ್ಬ ಹೆಂಗಸು ಬಾತುಕೋಳಿ ಸಾಕಿದ್ದಾಳೆ. ದೊಡ್ಡ ಧ್ವನಿ, ದೊಡ್ಡ ಮನಸ್ಸು, ಕೈತುಂಬ ಗರಿ. ಟಿಕೆಟ್ ಕೊಡುವ ಕೋಣೆಯಲ್ಲಿ ಮರಿಗಳು, ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಮೊಟ್ಟೆಯಿಡುವ ಬಾತುಗಳು. ನಿಮ್ಮ ಭಾವ ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು.

"ಇವಕ್ಕೆಲ್ಲ ಟಿಕೆಟ್ ಆಗಿದೆಯಾ?" ಅಂತ ಕೇಳಿದರು.

ಅವಳೂ ಸೋಲಲಿಲ್ಲ. "ಮೊಟ್ಟೆ ಇಡೋವಕ್ಕೆ ಪಾಸ್ ಇದೆ ಯಜಮಾನ್ರೇ. ಗಂಡುಗಳದ್ದೇ ಬಿಟ್ಟಿ ಪ್ರಯಾಣ," ಅಂದಳು. ಹಾಗೆನ್ನುತ್ತ ನನ್ನ ಕಡೆ ಒಂದು ನೋಟ ಬೀರಿದಳು, ನಮ್ಮಿಬ್ಬರಿಗೆ ಮಾತ್ರ ಅರ್ಥವಾಗುವ ಹಾಗೆ.

ಚಹಾ ಮಾಡಿ ಕೊಟ್ಟಳು. ಕುಡಿಯುತ್ತ ಕೂತಾಗ ನೀರಿನ ಟ್ಯಾಂಕು ಯಾವ ಕಡೆ ಇತ್ತು ಅಂತ ಮಾತು ಬಂತು. ಪ್ಲಾಟ್‌ಫಾರ್ಮಿನ ಆ ಕಡೆ ಅಂತ ಇವರು. ಈ ಕಡೆ ಅಂತ ನಿನ್ನ ಗಂಡ, ನನ್ನ ಮೂಲಕ. "ಎಂಜಿನ್ನಿಗೆ ನೀರು ಕುಡಿಸಿದೋನು ನಾನು," ಅಂದರು ಇವರು. "ಅತ್ತಿಗೆ, ಟ್ಯಾಂಕನ್ನ ಕೆಳಗಿಳಿಸಿದೋನು..." ಅಂತ ಶುರುಮಾಡಿ ನಿನ್ನ ಗಂಡ ಗಪ್ಪನೆ ಬಾಯಿ ಮುಚ್ಚಿದ, ಮುಖವೆಲ್ಲ ಕೆಂಪು. ನಾನು ಕೈಲಿದ್ದ ಬಿಸ್ಕತ್ತನ್ನು ಅವನ ಬಾಯಿಗೇ ತುರುಕಿದೆ, ಬೇರೆ ಉಪಾಯ ತೋಚಲಿಲ್ಲ. ಬಾತುಗಳ ಯಜಮಾನಿ ನಡುವೆ ಬಂದು ಇಬ್ಬರನ್ನೂ ಹೊರಗೆ ಕರೆದೊಯ್ದು ತೋರಿಸಿದಳು. ಟ್ಯಾಂಕಿನ ಕಲ್ಲುಕಟ್ಟೆ ಎರಡೂ ಕಡೆ ಇತ್ತು. ಇಬ್ಬರೂ ಗೆದ್ದ ಮುಖ ಮಾಡಿಕೊಂಡು ಅಲ್ಲಿಂದ ಹೊರಟರು.

ಆಮೇಲೆ ಸುರಂಗ. ನನಗೆ ಕತ್ತಲೆಂದರೆ ಆಗುವುದಿಲ್ಲ, ನಿನಗೆ ಗೊತ್ತು. ಒಂದು ಕೈಯಲ್ಲಿ ಗಂಡನನ್ನು, ಇನ್ನೊಂದು ಕೈಯಲ್ಲಿ ಮೈದುನನನ್ನು ಹಿಡಿದುಕೊಂಡು ಒಳಗೆ ಹೋದೆ. ತಣ್ಣಗೆ ಒದ್ದೆ ಒದ್ದೆ, ಎಂಥದ್ದೋ ಮಣ್ಣಿನ ವಾಸನೆ. ಮಧ್ಯಕ್ಕೆ ಬಂದಾಗ ನಿಮ್ಮ ಭಾವ ಇದ್ದಕ್ಕಿದ್ದ ಹಾಗೆ ಎರಡು ಬೆರಳು ಬಾಯಿಗಿಟ್ಟು ಎಂಜಿನ್ನಿನ ಸೀಟಿ ಹಾಕಿದರು. ಉದ್ದಕ್ಕೆ ಒಂದು, ಚಿಕ್ಕದು ಒಂದು. ಸುರಂಗದ ನಿಯಮವಂತೆ. ಮುಂದೆ ಕತ್ತಲಲ್ಲಿ ಯಾರೋ ಬಕೆಟ್ ಎಸೆದ ಸದ್ದು, ಆಮೇಲೆ ಒಂದು ಚೀತ್ಕಾರ. ಹತ್ತಿರ ಹೋಗಿ ನೋಡಿದರೆ ತಲೆಗೆ ಟಾರ್ಚ್ ಕಟ್ಟಿಕೊಂಡ ಒಬ್ಬ ಮನುಷ್ಯ ಗೋಡೆಗೆ ಅಂಟಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾನೆ. ಅಲ್ಲಿ ಅಣಬೆ ಬೆಳೆಯುವವನು.

"ಹೋಯ್ತಾ?" ಅಂದ ಕಣ್ಣು ಬಿಡದೆ.

"ಏನು ಹೋಯ್ತಾ?" ಅಂದೆ ನಾನು.

"ರೈಲು."

ನಿಮ್ಮ ಭಾವ ಅವನ ಭುಜ ತಟ್ಟಿ, "ಗಾಡಿ ಬರೋವಾಗ ಹಾಗೇ ನಿಂತ್ಕೋಬೇಕು. ಚೆನ್ನಾಗಿ ನಿಂತಿದ್ದೆ," ಅಂತ ಶಾಭಾಸ್‌ಗಿರಿ ಕೊಟ್ಟರು. ಬಡಪಾಯಿ ತನ್ನ ತಪ್ಪೇ ಇರಬೇಕು ಅಂದುಕೊಂಡು ನಮಗೇ ಒಂದು ಪೊಟ್ಟಣ ಅಣಬೆ ಕೊಟ್ಟು ಕಳಿಸಿದ. ನಿನ್ನ ಗಂಡ ಸುರಂಗದಿಂದ ಹೊರಬಂದವನು ನಗು ತಡೆಯಲಾರದೆ ಕಲ್ಲಿನ ಮೇಲೆ ಕೂತುಬಿಟ್ಟ. ನಗುತ್ತ ನಗುತ್ತ, "ಅಣ್ಣಾ, ಅವನ ಮುಖ ನೋಡಿದ್ಯಾ?" ಅಂದ. ನನ್ನ ಮೂಲಕ ಅಲ್ಲ, ನೇರವಾಗಿ. ಅಂದದ್ದು ಅವನಿಗೇ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಚಪ್ಪಲಿಯಿಂದ ಕಲ್ಲು ತೆಗೆಯುವ ಹಾಗೆ ನಟಿಸಿ ಅತ್ತಕಡೆ ತಿರುಗಿಕೊಂಡೆ.

ಈಗ ಸೇತುವೆಯ ವಿಷಯ. ಇದನ್ನು ನಿಧಾನವಾಗಿ ಓದು.

ಹೊಳೆಯ ಮೇಲಿನ ಕಬ್ಬಿಣದ ಸೇತುವೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಆದರೆ ಅದರ ಮೇಲೆ ಹಳಿ ಇಲ್ಲ. ಈಚೆ ದಡದಲ್ಲಿ, ಸಿಮೆಂಟಿನಲ್ಲಿ ಹೂತಿದ್ದ ಒಂದು ಮೊಳ ಹಳಿ ಮಾತ್ರ ಎರಡು ಕಡೆಯೂ ಉಳಿದಿದೆ, ಕತ್ತರಿಸಿದ ಮುಖ ಹೊಳೆಯ ಕಡೆಗೆ. ನಿಮ್ಮ ಭಾವ ಅಲ್ಲಿಗೆ ಬಂದು ನಿಂತರು. ಹಿಂದೆ ನೋಡಿದರು, ಮುಂದೆ ನೋಡಿದರು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹಳಿ ಎಲ್ಲಿ?" ಅಂದರು.

ಬಂತಪ್ಪ ಅಂದುಕೊಂಡೆ. ಬೆಳಗಿನಿಂದ ನುಂಗಿಕೊಂಡಿದ್ದದ್ದು ಈಗ ಹೊರಬಂತು, ತಮ್ಮನನ್ನು ಚುಚ್ಚುವುದಕ್ಕೆ ಸರಿಯಾದ ಜಾಗವನ್ನೇ ಆರಿಸಿಕೊಂಡರು ಅಂದುಕೊಂಡೆ. ನಿನ್ನ ಗಂಡನೂ ಹಾಗೆಯೇ ಅಂದುಕೊಂಡಿರಬೇಕು. ಅಣಬೆಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಅಣ್ಣನ ಎದುರಿಗೆ ಹೋಗಿ ನಿಂತ. ಅಪ್ಪನ ಮುಂದೆ ನಿಂತ ಹುಡುಗನ ಹಾಗೆ ಕೈ ಎರಡೂ ಹಿಂದಕ್ಕೆ.

"ನಾನೇ ಅಣ್ಣ ಕತ್ತರಿಸಿದ್ದು. ನಿನಗೊಂದು ಮಾತು ಹೇಳ್ಬೇಕಿತ್ತು. ಹೇಳೋಕೆ ಹೆದರಿಕೆಯಾಯ್ತು. ಆಮೇಲೆ ನೀನು ಬೈದೆ ಅಂತ ನನಗೂ ಹಠ ಬಂತು. ದಿನಾ ಹೇಳ್ಬೇಕು ಅಂದ್ಕೋತಿದ್ದೆ. ತಪ್ಪಾಯ್ತು," ಅಂದ.

ನಿಮ್ಮ ಭಾವ ಅವನನ್ನೇ ನೋಡಿದರು. ಆಮೇಲೆ ಮೊಣಕಾಲು ಊರಿ ಕೂತು, ಆ ಹಳಿಯ ತುಂಡಿನ ಕತ್ತರಿಸಿದ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ತುಕ್ಕು ಹಿಡಿದಿದ್ದರೂ ಬೆಣ್ಣೆ ಕೊಯ್ದ ಹಾಗೆ ನೇರವಾಗಿತ್ತು.

"ಇದು ನೀನು ಮಾಡಿದ್ದಾ?"

"ಹೂಂ."

"ಎಷ್ಟು ನೀಟಾಗಿದೆಯೋ. ಒಂದು ಚೂರೂ ಅಂಕುಡೊಂಕಿಲ್ಲ. ಒಳ್ಳೇ ಕೈ ನಿಂದು. ಅಪ್ಪ ನೋಡಿದ್ರೆ ಸಂತೋಷಪಡ್ತಿದ್ದ." ಆಮೇಲೆ ಎದ್ದು ಧೂಳು ಕೊಡವಿಕೊಂಡು, "ತಪ್ಪೇನು ಬಂತು ಇದ್ರಲ್ಲಿ? ಕೆಲಸ ತಾನೇ? ಅಳ್ತಾರೇನೋ ಇದಕ್ಕೆಲ್ಲ?" ಅಂದರು.

ನಿನ್ನ ಗಂಡ ಅಳುತ್ತಿದ್ದ, ಗುಬ್ಬಿ. ನಮ್ಮ ಮಾವನವರು ಹೋದಾಗಲೂ ಅವನು ಹಾಗೆ ಅತ್ತದ್ದು ನಾನು ನೋಡಿಲ್ಲ. ಅಣ್ಣನ ಎದೆಗೆ ತಲೆಯಿಟ್ಟು ಅತ್ತ. ಇವರು ಅವನ ಬೋಳುತಲೆಯನ್ನು ಸವರಿ, "ಟೋಪಿ ಹಾಕ್ಕೋ ಅಂತ ಆಗಲೇ ಹೇಳ್ಲಿಲ್ವಾ, ನೋಡು ಹೇಗೆ ಕಾದಿದೆ," ಅಂತ ತಮ್ಮ ಟೋಪಿಯನ್ನೇ ಅವನಿಗೆ ಹಾಕಿದರು. ಅದು ಅವನ ಕಿವಿಯವರೆಗೂ ಇಳಿಯಿತು. ನಾನು ನಗಬೇಕೋ ಅಳಬೇಕೋ ತಿಳಿಯದೆ ಅಣಬೆ ಪೊಟ್ಟಣವನ್ನು ಹಿಸುಕಿ ಹಿಸುಕಿ ಹಿಟ್ಟು ಮಾಡಿದ್ದೆ.

ಆಚೆ ದಡದ ತನಕ ಹೋಗಲಿಲ್ಲ, ನನ್ನ ಕಾಲು ಒಪ್ಪಲಿಲ್ಲ. ರಸ್ತೆಗಿಳಿದು ಬಸ್ ಹಿಡಿದೆವು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಡ್ರೈವರ್ ಗೇರ್ ಹಾಕುವುದನ್ನು ನೋಡಿ ಇಬ್ಬರೂ ಸೇರಿ ಅವನನ್ನು ಬೈದುಕೊಂಡರು. ಅಷ್ಟು ಒಗ್ಗಟ್ಟು ನಾನು ಎಂದೂ ಕಂಡಿರಲಿಲ್ಲ. ಮಾರನೆಯ ದಿನ ನಿನ್ನ ಗಂಡ ಶೆಡ್ಡಿನಲ್ಲಿ ಬಿಟ್ಟುಬಂದಿದ್ದ ಸೈಕಲ್ ತರಲು ಹೋದಾಗ ಇವರೂ ಹಿಂದೆ ಕ್ಯಾರಿಯರ್ ಮೇಲೆ ಕೂತು ಬಂದರಂತೆ. ಈಗ ಪ್ರತಿ ಭಾನುವಾರ ಅವನು ನಮ್ಮಲ್ಲೇ ಊಟ. ನೀನು ಇಲ್ಲವೆಂದು ಸೊರಗಿರಬಹುದು ಅಂತ ಚಿಂತಿಸಬೇಡ, ಹೊಟ್ಟೆ ಬಂದಿದೆ.

ಕಾಗದ ಉದ್ದವಾಯಿತು. ಮಗಳಿಗೆ ಚೆನ್ನಾಗಿ ನಿದ್ದೆ ಮಾಡಲು ಹೇಳು, ಕೂಸು ಅತ್ತರೆ ನೀನು ಏಳು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮ್ಮ ಮನೆಯಲ್ಲಿ ಎಲ್ಲರ ಹೊಟ್ಟೆಯೂ ಮನಸ್ಸೂ ತಣ್ಣಗಿರಲಿ, ಕೂಸು ನೂರು ವರ್ಷ ಗಟ್ಟಿಯಾಗಿ ಬಾಳಲಿ.

ಇಂತು ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ಮರೆತ ಮಾತು: ಗುಬ್ಬಿ, ಈ ಹಾಳೆಯನ್ನು ಬೇರೆ ಮಡಚಿ ಇಟ್ಟಿದ್ದೇನೆ. ಇದನ್ನು ಮಗಳಿಗೆ ಓದಿ ಹೇಳಬೇಡ. ಮೇಲಿನದನ್ನು ಊರಿಗೆ ಬಂದ ಮೇಲೆ ನಿನ್ನ ಗಂಡನಿಗೂ ತೋರಿಸು, ಇದನ್ನು ತೋರಿಸಬೇಡ.

ಸೇತುವೆಗೆ ಹೋಗಿಬಂದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಭಾವ ಉಗುರು ಕತ್ತರಿಸಿಕೊಳ್ಳುತ್ತ ಕೇಳಿದರು: "ಅಲ್ಲ ಕಣೇ, ಇವನು ಯಾಕೆ ಇಷ್ಟು ವರ್ಷ ನಮ್ಮನೆ ಕಡೆ ತಲೆ ಹಾಕ್ಲಿಲ್ಲ? ನಾನೇನಾದ್ರೂ ಅಂದ್ನಾ ಅವನಿಗೆ?" ಮುಖ ನೋಡಿದೆ. ತಮಾಷೆಯ ಮುಖವಲ್ಲ. "ಹಳಿ ಕಿತ್ತ ವಿಷಯಕ್ಕೆ," ಅಂದೆ. "ಹಳಿ ಯಾಕೆ ಕೀಳ್ತಾರೆ? ಗಾಡಿ ಹೇಗೆ ಹೋಗ್ಬೇಕು?" ಅಂದರು.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮರೆವಿನ ಕಾಯಿಲೆ, ಇದು ನಿಲ್ಲುವುದಿಲ್ಲ, ಮುಂದೆ ಹೆಚ್ಚುತ್ತದೆ ಅಂದರು ಡಾಕ್ಟರು. ಹಳಿ ಎಲ್ಲಿ ಅಂತ ಅವರು ಅಂದು ಕೇಳಿದ್ದು ಚುಚ್ಚುವುದಕ್ಕಲ್ಲ, ಗುಬ್ಬಿ. ನಿಜವಾಗಿಯೂ ಕೇಳಿದ್ದು. ಅವರು ತಮ್ಮನನ್ನು ಕ್ಷಮಿಸಲಿಲ್ಲ. ಕ್ಷಮಿಸಲು ಅವರ ಬಳಿ ಏನೂ ಉಳಿದಿರಲಿಲ್ಲ.

ನಿನ್ನ ಗಂಡ ಭಾನುವಾರ ಬಂದಾಗ ಹತ್ತು ವರ್ಷ ಚಿಕ್ಕವನಾದ ಹಾಗೆ ಕಾಣುತ್ತಾನೆ. ಕಾಯಿಲೆಯ ವಿಷಯ ಇಂದಲ್ಲ ನಾಳೆ ಅವನಿಗೂ ತಿಳಿಯುತ್ತದೆ. ಆದರೆ ಸೇತುವೆಯ ಹತ್ತಿರ ಸಿಕ್ಕಿದ್ದು ಏನೆಂದು ಅವನಿಗೆ ಹೇಳಬೇಕೋ ಬೇಡವೋ, ನನಗೆ ತಿಳಿಯುತ್ತಿಲ್ಲ. ನೀನು ಅವನ ಹೆಂಡತಿ, ನೀನೇ ಯೋಚಿಸು.

ಇನ್ನೊಂದು ಮಾತು, ಹೇಳಲು ನಾಚಿಕೆ. ನಿನ್ನ ಜೊತೆ ಸೇರಿ ಸಂಚು ಹೂಡಿದೆನಾದರೂ ಒಳಗೊಳಗೆ ನಾನು ಇವರ ಕಡೆಗೇ ಇದ್ದೆ. ಆ ಲಾರಿ ಮನೆ ಮುಂದೆ ಹೋದ ದಿನ ಇವರು ಊಟ ಬಿಟ್ಟು ಕೂತದ್ದನ್ನು ನೋಡಿದವಳು ನಾನೊಬ್ಬಳೇ. ಇವರ ಪರವಾಗಿ ನನಗೂ ಸಿಟ್ಟಿತ್ತು, ಇವರಿಗಿಂತ ಹೆಚ್ಚೇ ಇತ್ತು. ಈಗ ಇವರು ಆ ಸಿಟ್ಟು ಬಿಟ್ಟು ಎದ್ದುಹೋಗಿಬಿಟ್ಟಿದ್ದಾರೆ. ನಿನ್ನ ಗಂಡನಿಗೆ ಅನ್ನ ಬಡಿಸುವಾಗ ಕೈ ಒಂದು ಗಳಿಗೆ ತಡೆಯುತ್ತದೆ. ಇವರು ನಗುತ್ತ, "ಇನ್ನೊಂದು ಸ್ವಲ್ಪ ಹಾಕೇ ಅವನಿಗೆ," ಅನ್ನುತ್ತಾರೆ. ಹಾಕುತ್ತೇನೆ.

ಆ ಜಗಳದಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ ಕಣೇ.